ಹುಲಿಗೆಮ್ಮನ ರೊಟ್ಟಿ ಹಂಚು

ನಾನು ಒಂದು ಕಬ್ಬಿಣದ ರೊಟ್ಟಿ ಹಂಚು. ಹಳೆಯ ಡಾಂಬರು ಡ್ರಮ್ಮಿನ ತಳ ಕತ್ತರಿಸಿ, ಕಾಯಿಸಿ, ನಡುವೆ ತುಸು ತಗ್ಗು ಬರುವಂತೆ ಬಡಿದು ಗಂಗಾವತಿಯ ಕಂಬಾರನೊಬ್ಬ ನನಗೆ ರೂಪ ಕೊಟ್ಟ. ಸಂತೆಯಲ್ಲಿ ನನ್ನನ್ನು ಕೊಂಡವಳು ಹೊಸದಾಗಿ ಮದುವೆಯಾಗಿದ್ದ ಹುಲಿಗೆಮ್ಮ. ಬೆರಳ ಗೆಣ್ಣಿನಿಂದ ತಟ್ಟಿ, ಸದ್ದಿಗೆ ಕಿವಿಗೊಟ್ಟು, "ಇದಾ ಇರ್ಲಿ" ಅಂದಳು.

ಗಂಡ ಯಂಕೋಬನ ಜೊತೆ ಅವಳು ಬೆಂಗಳೂರಿಗೆ ಬಂದಾಗ ಬಟ್ಟೆಯ ಗಂಟಿನಲ್ಲಿ ನಾನೂ ಬಂದೆ. ಗುಜರಿ ಅಂಗಡಿಗಳ ಗಲ್ಲಿಯಲ್ಲಿ ತಗಡಿನ ಒಂದು ಕೋಣೆ. ಅವನು ಗುಜರಿ ಆಯುತ್ತಿದ್ದ, ಇವಳು ರೊಟ್ಟಿ ಬಡಿಯುತ್ತಿದ್ದಳು. ಮಗಳು ದ್ಯಾಮವ್ವ ಹುಟ್ಟಿದ್ದು ಅಲ್ಲೇ. ನನ್ನ ಮೇಲೆ ರೊಟ್ಟಿ ಉಬ್ಬಿದಾಗಲೆಲ್ಲ ಕೂಸು ಚಪ್ಪಾಳೆ ತಟ್ಟಿ, "ಅವ್ವಾ, ಉಬ್ತು!" ಎಂದು ಕೂಗುತ್ತಿತ್ತು.

ಒಂದು ದಿನ ಯಂಕೋಬ ಹಳೆಯ ಟಿ.ವಿ., ಕಂಪ್ಯೂಟರುಗಳ ಹಸಿರು ಬೋರ್ಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದ.

"ಇವನ್ನ ಕಾಸಿದ್ರ ಬೆಸುಗೆ ಕರಗಿ ಒಳಗಿನ ಸಾಮಾನೆಲ್ಲಾ ಬಿಚ್ಚತಾವ," ಎಂದು ನನ್ನನ್ನು ಒಲೆಯ ಮೇಲಿಟ್ಟ.

"ಅದು ಉಣ್ಣೋ ಹಂಚು. ಬ್ಯಾಡ್ರಿ."

"ನಾಳೆ ಹೊಸಾದು ತರ್ತೀನಿ ತಗಾ."

ಆ ನಾಳೆ ಬರಲೇ ಇಲ್ಲ. ಹಗಲೆಲ್ಲ ಬೋರ್ಡು, ಸಂಜೆಗೆ ರೊಟ್ಟಿ. ನಡುವೆ ಹುಲಿಗೆಮ್ಮ ಬೂದಿ, ಮರಳು ಹಾಕಿ ಕೈ ಕಿತ್ತು ಹೋಗುವಂತೆ ನನ್ನನ್ನು ಉಜ್ಜುತ್ತಿದ್ದಳು. ಬೋರ್ಡುಗಳು ಭಗ್ಗೆಂದು ಉರಿಯುತ್ತಿರಲಿಲ್ಲ. ಕರ್ರಗೆ ನೊರೆಗಟ್ಟಿ, ಮೂಗು ಸುಡುವ ಹೊಗೆ ಬಿಡುತ್ತಿದ್ದವು. ಅವಳು ಸೆರಗು ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಕೂಸನ್ನು ಬಿಟ್ಟುಬರಲು ಇನ್ನೊಂದು ಮನೆಯಿಲ್ಲ. ಅದು ಒಲೆಯ ಪಕ್ಕದಲ್ಲೇ ಸೀರೆಯ ಜೋಲಿಯಲ್ಲಿ ಮಲಗುತ್ತಿತ್ತು.

ಬರಬರುತ್ತ ದ್ಯಾಮವ್ವನ ಮಾತು ಕಡಿಮೆಯಾಯಿತು. ಹೊಟ್ಟೆ ಹಿಡಿದುಕೊಂಡು ಅಳುವಳು, ಕರೆದರೆ ತಿರುಗಿ ನೋಡಳು. ಆಸ್ಪತ್ರೆಗೆ ಹೋಗಿಬಂದ ದಿನ ಹುಲಿಗೆಮ್ಮ ಹೊಸ್ತಿಲು ದಾಟಿದವಳೇ ನನ್ನನ್ನೆತ್ತಿ ಬೀದಿಗೆ ಎಸೆದಳು.

"ಕೂಸಿನ ರಕ್ತದಾಗ ಸೀಸ ಐತಂತ. ಬೋರ್ಡಿನ ಬೆಸುಗೆಯಾಗಿಂದಂತ."

ಯಂಕೋಬ ಉಳಿದ ಬೋರ್ಡುಗಳ ಚೀಲವನ್ನು ಬಾಗಿಲಾಚೆ ಎಳೆದು ಹಾಕಿದ.

ಅದೇ ಗಲ್ಲಿಗೆ ಕೆಲಸದವರನ್ನು ಹುಡುಕುತ್ತ ಜಯಶೀಲಾ ಮೇಡಂ ಎಂಬವರು ಬಂದರು. ಬೋರ್ಡುಗಳನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸುವ ಸಣ್ಣ ಕಾರ್ಖಾನೆ ಅವರದು. ಹುಲಿಗೆಮ್ಮನಿಗೆ ಅಲ್ಲಿ ಬೋರ್ಡು ಬೇರ್ಪಡಿಸುವ ಕೆಲಸ ಸಿಕ್ಕಿತು. ಬೀದಿಯಲ್ಲಿ ಬಿದ್ದಿದ್ದ ನನ್ನನ್ನು ಮೇಡಂ ಎತ್ತಿಕೊಂಡು ಹೋಗಿ, ಬೋರ್ಡನ್ನು ಹೀಗೆ ಕಾಯಿಸಬಾರದೆಂದು ಹೊಸಬರಿಗೆ ತೋರಿಸಲು ಕಾರ್ಖಾನೆಯ ಕಿಟಕಿಯ ಪಕ್ಕ ತೂಗುಹಾಕಿದರು.

ಮೊದಲ ವಾರ ಅವರು ಎಲ್ಲರಿಗೂ ಒಂದು ಗಾಜಿನ ಸೀಸೆ ತೋರಿಸಿದರು. ತಳದಲ್ಲಿ ಬೂದುಬಣ್ಣದ ಪುಡಿ.

"ಬೋರ್ಡಿಗೆ ಬೇಗ ಬೆಂಕಿ ಹತ್ತದಿರಲಿ ಅಂತ ಬ್ರೋಮಿನ್ ಬೆರೆಸಿರ್ತಾರೆ. ಕಾಯಿಸಿದಾಗ ಅದು ಸತು, ಸೀಸ ಎಲ್ಲವನ್ನೂ ಹಿಡ್ಕೊಂಡು ಹೊಗೆಯಾಗಿ ಹಾರುತ್ತೆ. ನಾವು ಆ ಹೊಗೆ ಹೊರಗೆ ಬಿಡಲ್ಲ. ತಣ್ಣನೆಯ ಕೊಳವೆಯಲ್ಲಿ ಹಿಡಿದು ಲೋಹ ವಾಪಸ್ ತೆಗೀತೀವಿ."

ಹುಲಿಗೆಮ್ಮ ಸೀಸೆಯನ್ನು ಬಹಳ ಹೊತ್ತು ನೋಡಿದಳು.

"ಬೋರ್ಡಿನಾಗಿಂದು ಹಿಂಗ ತಗೀತೀರಿ. ನನ್ನ ಮಗಳ ಮೈಯಾಗಿಂದು ತಗಿಯಾಕ ಬರ್ತೈತೇನ್ರಿ, ಮೇಡಂ?"

ಮೇಡಂ ಸೀಸೆಯನ್ನು ಮೇಜಿನ ಮೇಲಿಟ್ಟರು.

"ಔಷಧದಿಂದ ಸ್ವಲ್ಪ ಹೋಗುತ್ತಮ್ಮಾ," ಅಂದರು ಮೇಡಂ, ತಗ್ಗಿದ ದನಿಯಲ್ಲಿ. "ಆಗಿರೋ ಪೆಟ್ಟು ಪೂರ್ತಿ ವಾಸಿಯಾಗಲ್ಲ."

ಅವಳು ತಲೆಯಾಡಿಸಿ, ಮುಖಗವಸು ಏರಿಸಿಕೊಂಡು ತನ್ನ ಮೇಜಿಗೆ ಹೋದಳು.

ಈಗ ನನಗೆ ತುಕ್ಕು ಹಿಡಿದಿದೆ. ಸಂಜೆ ಯಂಕೋಬ ಮಗಳನ್ನು ಕರೆದುಕೊಂಡು ಗೇಟಿನ ಬಳಿ ಬರುತ್ತಾನೆ. ಹುಲಿಗೆಮ್ಮ ಅವಳ ಕೈಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ರಸ್ತೆಯಲ್ಲಿ ಬರುವ ಬಸ್ಸಿಗೆ ಬೆರಳು ತೋರಿಸುತ್ತಾಳೆ.

"ಬಸ್ಸು. ಬಸ್ಸು ಅನ್ನು, ನನ್ನವ್ವಾ."

ದ್ಯಾಮವ್ವ ಅವ್ವನ ತುಟಿಯನ್ನೇ ದಿಟ್ಟಿಸುತ್ತಾಳೆ. ಬಸ್ಸು ಹೋಗಿಬಿಡುತ್ತದೆ. ಹುಲಿಗೆಮ್ಮ ಇನ್ನೊಂದು ಬರಲೆಂದು ಕೂತೇ ಇರುತ್ತಾಳೆ.

ಒಲೆಯ ಮೇಲೆ ಕಾಯುವುದೊಂದೇ ನನಗೆ ಗೊತ್ತಿತ್ತು. ಈ ಕಿಟಕಿಯ ಪಕ್ಕ ತೂಗುತ್ತ ಇನ್ನೊಂದು ಬಗೆಯ ಕಾಯುವಿಕೆ ಕಲಿತಿದ್ದೇನೆ.