ಜಗಳಾಡಿ ಬರೆಸಿಕೊಂಡ ಗುಳಿಗೆ

ಹೋದ ಕೂಡಲೇ ನೋವು ನಿಂತರೆ ಆ ಡಾಕ್ಟರ ಕೈಗುಣ ಒಳ್ಳೆಯದು, ನಿಲ್ಲದಿದ್ದರೆ ಅವರು ಡಾಕ್ಟರೇ ಅಲ್ಲ. ಇದು ನಮ್ಮ ಕಡೆಯ ಲೆಕ್ಕ. ಶೇವಂತೆವ್ವನ ಲೆಕ್ಕವೂ ಅದೇ.

ಕುರಿ ಕಾಯುವ ಅವಳ ಗಂಡ ಗುರಣ್ಣ ಹಳ್ಳ ದಾಟುವಾಗ ಬಿದ್ದು ಕಾಲು ಮುರಿದುಕೊಂಡಿದ್ದ. ಸಿಂದಗಿಯಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರ್ ಸಂಜೀವಕುಮಾರ ಆಪರೇಷನ್ ಮಾಡಿ, ಐದು ದಿನಕ್ಕೆಂದು ಜೋರಾದ ನೋವಿನ ಗುಳಿಗೆ ಕೊಟ್ಟರು. ಆರನೆಯ ದಿನ ಶೇವಂತೆವ್ವ ಮತ್ತೆ ಕೇಳಿದರೆ ಕೊಡಲಿಲ್ಲ.

“ಅದು ಅಫೀಮಿನ ಜಾತಿ ಔಷಧ ಐತ್ರಿ. ಚಟ ಹತ್ತತೈತಿ. ಇನ್ನ ಸಾದಾ ಗುಳಿಗಿ ಸಾಕು.”

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ, ಶೇವಂತೆವ್ವ ಆ ಪೈಕಿ. ಹೊರಗೆ ಕೂತ ಪೇಷಂಟುಗಳಿಗೆಲ್ಲ ಕೇಳುವಂತೆ ಒದರಿದಳು. “ನಮ್ಮ ಮನಿಯವ್ರು ನರಳಾಕತ್ತಾರ, ಇವರಿಗೆ ಗುಳಿಗಿ ಕೊಡಾಕ ಮನಸಿಲ್ಲ! ನಡೀರಿ ಎಲ್ಲಾರೂ, ಆಚಿ ಓಣ್ಯಾನ ದವಾಖಾನಿಗೆ ಹೋಗೂಣು!”

ಇಬ್ಬರು ಎದ್ದೇಬಿಟ್ಟರು. ಡಾಕ್ಟರ ಮುಖ ಸಣ್ಣದಾಯಿತು. ಅದೇ ಗುಳಿಗೆಯನ್ನು ತಿಂಗಳಿಗಾಗುವಷ್ಟು ಬರೆದುಕೊಟ್ಟರು. ಶೇವಂತೆವ್ವ ಊರ ತುಂಬ ಅವರನ್ನು ಹೊಗಳಿದ್ದೇ ಹೊಗಳಿದ್ದು.

ವಾರದ ಮೇಲೆ ಊರಿನ ಆಶಾ ಕಾರ್ಯಕರ್ತೆ ಸುನಂದಾ ಮನೆಗೆ ಬಂದು ಕೇಳಿದಳು. “ಯಕ್ಕಾ, ಮಾಮಾಗ ದಿನಾ ಎಷ್ಟ ಕೊಡ್ತೀ?”

“ಮೊದಲ ಒಂದ ಸಾಕಾಗತಿತ್ತು. ಈಗ ಮೂರು ನುಂಗಿದ್ರೂ ಕಡಿಮಿ ಆಗವಲ್ದು.”

“ಅಯ್ಯ, ಜೀವಕ್ಕ ಅಪಾಯ ಐತಿ! ಇವತ್ತ ತೋರಸೂಣು ನಡಿ.”

“ನೋವು ನಿನಗ ಬಂದಿದ್ರ ಗೊತ್ತಾಗತಿತ್ತು” ಎಂದು ಶೇವಂತೆವ್ವ ಅವಳ ಬಾಯಿ ಮುಚ್ಚಿಸಿದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕರೆದರೆ ಗುರಣ್ಣ ಏಳಲಿಲ್ಲ. ಅಲುಗಿಸಿದಳು, ಕೆನ್ನೆಗೆ ಬಡಿದಳು. ಗೊರಗೊರ ಸದ್ದು ಬಿಟ್ಟರೆ ಉತ್ತರವಿಲ್ಲ. ತುಟಿ ನೀಲಿಗಟ್ಟಿತ್ತು. ಒಂದು ಉಸಿರು ಬಂದರೆ ಇನ್ನೊಂದು ಬರುತ್ತದೆಂಬ ಭರವಸೆಯಿಲ್ಲ. ಶೇವಂತೆವ್ವ ಬಾಗಿಲಿಗೆ ಓಡಿ ಕೂಗಿಕೊಂಡಳು.

ಕೂಗು ಕೇಳಿ ಓಡಿ ಬಂದ ಸುನಂದಾ ಗುರಣ್ಣನನ್ನು ಒಂದು ಮಗ್ಗುಲಿಗೆ ಹೊರಳಿಸಿ, 108ಕ್ಕೆ ಫೋನ್ ಮಾಡಿದಳು. “ಗುಳಿಗಿ ಚೀಟಿ ತಗೋ ಯಕ್ಕಾ, ಅಲ್ಲಿ ತೋರಸಬೇಕು.”

ದಾರಿಯುದ್ದಕ್ಕೂ ಶೇವಂತೆವ್ವ ಗಂಡನ ಎದೆಯ ಮೇಲಿನ ಕೈ ತೆಗೆಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಆ ಮದ್ದಿನ ಅಮಲನ್ನು ಇಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಗುರಣ್ಣ ಕಣ್ಣು ಬಿಟ್ಟ.

ಸುದ್ದಿ ತಿಳಿದು ಸಂಜೀವಕುಮಾರ ಬಂದರು. “ಚಟ ಹತ್ತತೈತಿ ಅಂತ ಗೊತ್ತಿದ್ದೂ ಯಾಕ ಕೊಟ್ರಿ ಸಾಹೇಬ್ರ?” ಎಂದಳು ಶೇವಂತೆವ್ವ ಅಳುತ್ತ.

“ನೀವು ಒದರಿದ್ರಿ, ನಾ ಹೆದರಿದ್ನಿ. ಪೇಷಂಟುಗಳು ಹೊಳ್ಳಿ ಬರೂದಿಲ್ಲಂತ ಬರದ್ನಿ. ತಪ್ಪು ನಂದ್ರಿ.”

“ಅರ್ಧಾ ನಂದೂ ಐತ್ರಿ.”

ಅಷ್ಟರಲ್ಲಿ ಗುರಣ್ಣ ಕೈ ಚಾಚಿದ. “ಅದ ಗುಳಿಗಿ ಒಂದ ಕೊಡ್ರಿ...”

ಡಾಕ್ಟರು ಬಾಯಿ ತೆರೆಯುವ ಮೊದಲೇ ಶೇವಂತೆವ್ವ ಆ ಕೈ ಹಿಡಿದಳು. “ಬ್ಯಾಡ್ರಿ. ಡಾಕ್ಟರ್ ಹೇಳಿದಂಗ ಸಾವಕಾಶ ಬಿಡೂಣು. ನೋವು ತಡಿಲಾರದಿದ್ರ ನನ್ನ ಬೈರಿ, ಅವರನ್ನ ಬೈಬ್ಯಾಡ್ರಿ.”

ಅಕ್ಕಂದಿರೇ, ಅಣ್ಣಂದಿರೇ, ಜೋರಾದ ಗುಳಿಗೆಗಾಗಿ ಡಾಕ್ಟರ ಮೇಲೆ ಜಗಳಕ್ಕೆ ಹೋಗಬೇಡಿ. ಎಷ್ಟು ದಿನ ನುಂಗಬೇಕು, ಹೇಗೆ ಬಿಡಬೇಕು ಎಂದು ಕೇಳಿ. ನೀವಾಗಿಯೇ ಹೆಚ್ಚಿಸಬೇಡಿ, ದಿಢೀರನೆ ನಿಲ್ಲಿಸಲೂಬೇಡಿ. ನುಂಗಿದವರು ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ‘ಬೇಡ’ ಎನ್ನಲು ಡಾಕ್ಟರಿಗೂ ಧೈರ್ಯ ಬೇಕು. ಅದನ್ನು ಕೊಡಬೇಕಾದವರು ನೀವು.