ದೋಣಿಗಲ್ಲಿನಲ್ಲಿ ನಿಲ್ಲದ ವಿಮಾನ

ಮಂಗಳೂರಿನಿಂದ ಘಾಟಿ ಹತ್ತಿ ಬರುವ ಬಸ್ಸುಗಳೆಲ್ಲ ದೋಣಿಗಲ್ಲಿನಲ್ಲಿ ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿದ್ದವು. ಕುದಿಯುವ ಇಂಜಿನ್ನಿಗೆ ನೀರು ಕುಡಿಸದೆ ಯಾವ ಡ್ರೈವರೂ ಮುಂದೆ ಹೋಗುತ್ತಿರಲಿಲ್ಲ. ಮಂಗಳೂರಿನಲ್ಲಿದ್ದ ನನ್ನಕ್ಕ ಪಂಕಜಾಕ್ಷಿ, ಬೆಂಗಳೂರಿನ ಅತ್ತೆಮನೆಗೆ ಹೋಗುವಾಗಲೆಲ್ಲ ಇಲ್ಲಿ ಇಳಿದು ಎರಡು ದಿನ ಇದ್ದು ಹೋಗುತ್ತಿದ್ದಳು.

ಆ ಸಲ ನಾನು ಅವಳ ದಾರಿಯನ್ನೇ ಕಾಯುತ್ತಿದ್ದೆ. ಆಲೂರಿನ ಜವರಯ್ಯನವರಿಗೆ ನನ್ನನ್ನು ಕೇಳಿದ್ದರು. ಮೊದಲ ಹೆಂಡತಿ ತೀರಿಹೋಗಿದ್ದಳು, ಇಬ್ಬರು ಮಕ್ಕಳು. "ಶುಕ್ರವಾರ ಪಂಕಜ ಬರ್ತಾಳೆ. ಅವ್ಳೇನಂತಾಳೋ ನೋಡಾನ," ಎಂದು ಅಪ್ಪ ಗಂಡಿನ ಕಡೆಯವರನ್ನು ಆ ದಿನ ಸಂಜೆಗೇ ಬರಹೇಳಿದ್ದರು. ಮನೆಯಲ್ಲಿ ಅಪ್ಪ ಕಿವಿಗೊಡುತ್ತಿದ್ದುದು ಅಕ್ಕನ ಮಾತಿಗೆ ಮಾತ್ರ. ನನ್ನನ್ನು ಕೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ನಾನೂ ಹೇಳಬಹುದೆಂದು ನನಗೂ ಹೊಳೆದಿರಲಿಲ್ಲ.

ಗುರುವಾರ ಮಂಗಳೂರಿನಿಂದ ಬಂದ ಲಾರಿ ಹಮೀದಣ್ಣ ನೀರಿಗೆ ನಿಲ್ಲಿಸಿದ.

"ನಿಮ್ಮಕ್ಕ ನಾಳೆ ಇಮಾನದಾಗೆ ಹೋಯ್ತಾರಂತೆ ಕಣವ್ವ. ಕಂಪನಿಯೋರು ನಿಮ್ಮ ಭಾವಂಗೂ ಅವ್ರ್ಗೂ ಟಿಕೆಟ್ ಕೊಡ್ಸವ್ರೆ. ಹೇಳ್ಬುಡು ಅಂದ್ರು."

"ಬೆಂಗಳೂರ್ಗೆ ಎಷ್ಟೊತ್ತಂತೆ?"

"ಒಂದೂವರೆ ಗಂಟೆ! ಇನ್ನೂರಿಪ್ಪತ್ತು ಮೈಲಿಗೆ ನನ್ ಲಾರಿ ಎರಡು ದಿನ ತಿಂತದೆ. ಮ್ಯಾಲೆ ನನ್ ಸೊಂಟಾನೂ ತಿಂತದೆ."

ಒಲೆಯ ಮುಂದಿನಿಂದಲೇ ಅಜ್ಜಿ ಕೇಳಿದಳು: "ಇಲ್ಲಿ ಎಷ್ಟೊತ್ಗೆ ನಿಲ್ತೈತೆ?"

"ನಿಲ್ಲಾಕಿಲ್ಲ ಅಜ್ಜಿ. ಹಂಗೇ ಮ್ಯಾಲೇ ಹೋಯ್ತದೆ."

"ಘಾಟಿ ಹತ್ತಿದ್ಮ್ಯಾಲೆ ನೀರು ಬ್ಯಾಡ್ವೇನೋ ಅದ್ಕೆ? ನಂಗೇ ಬುರುಡೆ ಬುಡ್ತಾನೆ!"

ಹಮೀದಣ್ಣ ನಕ್ಕ, ನಾನೂ ನಕ್ಕೆ. ಆದರೆ ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರ ದಾಟುವ ಹಾರುವ ಮಂಚ ಕೂಡ ನಡುವೆ ಕೆರೆ ಕಂಡರೆ ಇಳಿಯುತ್ತಿತ್ತು. ಇಳಿಯದಿದ್ದರೆ ಕೆರೆಯ ದಂಡೆಯಲ್ಲಿ ಕೂತ ಹುಡುಗಿಯ ಕಥೆ ಶುರುವಾಗುವುದಾದರೂ ಹೇಗೆ?

ಶುಕ್ರವಾರ ಅಜ್ಜಿ ಕಡುಬು ಬೇಯಿಸಿದಳು. ಕೊಡ ತುಂಬಿಸಿ ಅಂಗಳದಲ್ಲಿಟ್ಟಳು. ನಾನು ಕಣದಲ್ಲಿ ಒಣಗಲು ಹರವಿದ್ದ ಕೆಂಪು ಕಾಫಿ ಹಣ್ಣಿನ ಮೇಲೆ ಅಕ್ಕನ ಹಳೆಯ ಹಳದಿ ಸೀರೆ ಹಾಸಿ, ಪಕ್ಕದಲ್ಲಿ ನಿಂತೆ.

ಮಾರನಹಳ್ಳಿ ಕಡೆಯಿಂದ ಮೊದಲು ಸದ್ದು ಬಂತು, ಆಮೇಲೆ ಬೆರಳುದ್ದದ ಬೆಳ್ಳಿ. "ಅಕ್ಕಾ!" ಎಂದು ಕೂಗಿ ಎರಡೂ ಕೈ ಎತ್ತಿ ಬೀಸಿದೆ. ಬಸ್ಸು ತಿರುವು ತಿರುವಿಗೂ ನರಳುತ್ತ ಹತ್ತುವ ಘಾಟಿಯನ್ನು ಅದು ನನ್ನ ಕೈ ಸೋಲುವ ಮೊದಲೇ ದಾಟಿ ಆನೇಮಹಲ್ಲಿನ ಆಚೆ ಕರಗಿಹೋಯಿತು. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳೋ ಇಲ್ಲವೋ.

"ಎತ್ಲಾಗ್ ಇಳೀತು ಮಗಾ?" ಅಜ್ಜಿ ಅಂಗಳದಿಂದ ಕೂಗಿದಳು.

"ಇಳೀಲಿಲ್ಲ ಅಜ್ಜಿ."

ಅವಳು ಕೊಡದ ನೀರನ್ನು ದಾಸವಾಳದ ಬುಡಕ್ಕೆ ಸುರಿದಳು.

ಸಂಜೆ ಆಲೂರಿನಿಂದ ಜವರಯ್ಯನವರ ಭಾವ ರುದ್ರಯ್ಯ ಬಂದರು. ಕಾಫಿ ಆಯಿತು, ಮೆಣಸಿನ ಬೆಲೆಯ ಮಾತಾಯಿತು. "ಏನ್ ಗೌಡ್ರೇ, ಹೂಂ ಅಂತೀರೋ?" ಎಂದರು ಅವರು. ಅಪ್ಪ ಒಮ್ಮೆ ರಸ್ತೆಯ ಕಡೆ ನೋಡಿ, "ದೊಡ್ಡೋಳು ಬಂದಿದ್ರೆ ಚೆಂದಾಗಿತ್ತು... ಆಗ್ಲಿ ಬುಡಿ," ಎಂದು ತಟ್ಟೆಯಲ್ಲಿದ್ದ ವೀಳ್ಯದೆಲೆಗೆ ಕೈ ಚಾಚಿದರು.

ಅಕ್ಕ ಬಂದಾಗಲೆಲ್ಲ ನಿಂತು ಮಾತಾಡುತ್ತಿದ್ದುದು ಅಡುಗೆಮನೆಯ ಹೊಸಿಲಿನ ಮೇಲೆ. ನಾನು ಅಲ್ಲಿಗೆ ಹೋಗಿ ನಿಂತೆ.

"ನಂಗೆ ಈ ಸಂಬಂಧ ಬ್ಯಾಡ ಅಪ್ಪ."

ಅಪ್ಪ ತಲೆಯೆತ್ತಿ ನನ್ನನ್ನಲ್ಲ, ನನ್ನ ಹಿಂದೆ ನೋಡಿದರು, ಅಲ್ಲಿ ಯಾರೋ ನಿಂತು ಹೇಳಿಸುತ್ತಿದ್ದಾರೆ ಎಂಬಂತೆ. ಅಲ್ಲಿ ಯಾರೂ ಇರಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ.