ಎರಡು ಹೊಲಕ್ಕೆ ಒಂದೇ ಪೈಪು

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು, ಬಾಯಿಗೆ ಬಂದ ಮಾತು ಕೈಗೆ ಬಂದ ತುತ್ತನ್ನೇ ನುಂಗಿದ ಕತೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಆಗ ನಾನು ಬಿ.ಎ. ಮುಗಿಸಿ ಊರಲ್ಲಿದ್ದೆ. ಬಿ.ಎ. ಎಂದರೆ ‘ಬಿಟ್ಟಿ ಅಲೆದಾಟ’. ಅಪ್ಪನೂ ಪಕ್ಕದ ಹೊಲದ ಗುರುಶಾಂತಪ್ಪ ಮಾವನೂ ಸರ್ಕಾರದ ಸಹಾಯಧನದಲ್ಲಿ ಒಂದೊಂದು ಸೆಟ್ ಸ್ಪ್ರಿಂಕ್ಲರ್ ಪೈಪು ಪಡೆದಿದ್ದರು. ಒಂದು ಸೆಟ್ ಮಾರಿ ಹಂಚಿಕೊಂಡರು. ಇನ್ನೊಂದು ನಮ್ಮ ಕೊಟ್ಟಿಗೆಯಲ್ಲಿತ್ತು. ಕೃಷಿ ಸಾಹೇಬರು ತನಿಖೆಗೆ ಬರುವ ಸುದ್ದಿ ಎರಡು ದಿನ ಮೊದಲೇ ಸಿಗುತ್ತಿತ್ತು. ಅವರು ಮಾವನ ಹೊಲ ನೋಡಿ, ಅವನ ಮನೆಯಲ್ಲಿ ಉಪ್ಪಿಟ್ಟು ತಿಂದೇಳುವಷ್ಟರಲ್ಲಿ ಅದೇ ಪೈಪುಗಳು ಗಾಡಿಯೇರಿ ಬಂದು ನಮ್ಮ ಹೊಲದಲ್ಲಿ ನೀರು ಚಿಮ್ಮುತ್ತಿದ್ದವು. ಸಿಕ್ಕಿಬಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಮುಂದಿನ ತಿಂಗಳು ಅಪ್ಪನಿಗೆ ಪಂಪ್‌ಸೆಟ್ ಮಂಜೂರಾಗುವುದಿತ್ತು.

ಜೀಪು ಕಂಡರೆ ಬಾಗಿಲ ಹಿಂದೆ ಅಡಗುವಷ್ಟು ಪುಕ್ಕಲ, ಮಾವ. ಒಂದು ಬೆಳಗ್ಗೆ ಸೊಸೈಟಿಯ ಫೋನಿನಿಂದ, ಸಾಹೇಬರ ಮೂಗಿನ ದನಿಯಲ್ಲಿ ಅವನಿಗೆ ಹೇಳಿದೆ: “ಇವತ್ತ ಹನ್ನೊಂದಕ್ಕ ಬರ್ತೀನಿ, ಹೌದಲ್ಲೋ?”

ಮಾವ ಗಾಡಿ ಹೂಡಿಕೊಂಡು ಓಡಿಬಂದ. ಅಪ್ಪ ಸಂತೆಗೆ ಹೋಗಿದ್ದ. ನಗು ನುಂಗಿಕೊಂಡು ನಾನೇ ಪೈಪು ಹೇರಿ ಕಳಿಸಿದೆ.

ಮಧ್ಯಾಹ್ನ ನಿಜ ಹೇಳಿ ನಗಿಸೋಣವೆಂದು ಹೋದರೆ, ಹೊಲದಲ್ಲಿ ಅವನ ಹೆಂಡತಿ ನೀಲವ್ವತ್ತೆ ಒಬ್ಬಳೇ ಪೈಪು ಕಾಯುತ್ತಿದ್ದಳು.

“ಮಾವ ಎಲ್ಲಿ?”

“ಹನ್ನೊಂದು ದಾಟಿದ್ರೂ ಬರಲಿಲ್ಲಂತ ಸಾಹೇಬ್ರನ್ನ ಕರಿಯಾಕ ಹ್ವಾದ್ರಪಾ. ‘ಅಂಜಿಕೊಂಡು ಕುಂತು ಕುಂತು ಜೀವ ಹೋಗಾಕತ್ತೇತಿ, ನಾನಽ ಹೋಗಿ ಕರ್ಕೊಂಡ್ ಬರ್ತೀನಿ’ ಅಂದ್ರು.”

ಸಾಹೇಬರು ನಿಜವಾಗಿಯೂ ಬಂದರೆ ನಮ್ಮ ಹೊಲ ಖಾಲಿ! ಓಡಿಹೋಗಿ ಒಂದು ಪೈಪು ಕಿತ್ತೆ.

“ಏ ಹುಚ್ಚಪ್ಪಾ, ಬಿಡು! ಸಾಹೇಬ್ರು ನೋಡೋತನಕ ಮುಟ್ಟಬ್ಯಾಡ!” ಎಂದು ಅತ್ತೆ ಕಸಿದುಕೊಂಡಳು.

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಸಾಹೇಬರ ಪಕ್ಕದಲ್ಲಿ, ಬೆವರಿನಲ್ಲಿ ತೊಯ್ದ ಮಾವ. ಸಾಹೇಬರು ಸುತ್ತುಹಾಕಿ ಸಹಿ ಹಾಕಿದರು. ಅತ್ತೆ ಹೊಲದಲ್ಲಿ ನಿಂತಿದ್ದಳು, ಮನೆಯಲ್ಲಿ ಉಪ್ಪಿಟ್ಟಿರಲಿಲ್ಲ.

“ಮುಂದಿನ ಹೊಲ ಇದಽ, ಹೌದಲ್ಲೋ?” ಎನ್ನುತ್ತ ಅವರು ನಮ್ಮ ಬದು ದಾಟಿದರು. ಸಂತೆಯಿಂದ ಆಗಷ್ಟೇ ಬಂದ ಅಪ್ಪ ಅಲ್ಲಿ ನಿಂತಿದ್ದ.

“ಪೈಪು ಎಲ್ಲಿ?”

ಅಪ್ಪ ನನ್ನತ್ತ ನೋಡಿದ. ಏನೋ ಒಂದು ಸುಳ್ಳು ಹೇಳಲೆಂದು ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ.

“ರಿಪೇರಿಗೆ ಕೊಟ್ಟೀವಿ, ಹೌದಲ್ಲೋ?”

ಅದೇ ಮೂಗು, ಅದೇ ಎಳೆತ. ಸಾಹೇಬರ ಹುಬ್ಬು ಮೇಲೇರಿತು. ಪಟ್ಟಿ ತೆರೆದು ಅಪ್ಪನ ಹೆಸರಿನ ಮೇಲೆ ಅಡ್ಡಗೀಟು ಎಳೆದರು. ಜೀಪಿನ ಡ್ರೈವರ್ ಕಿಸಕ್ಕೆಂದ. ನೀಲವ್ವತ್ತೆ ಸೆರಗು ಬಾಯಿಗೊತ್ತಿದಳು.

ಬದುವಿನಾಚೆ ತನ್ನ ಹೊಲದಲ್ಲೇ ನಿಂತಿದ್ದ ಮಾವ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದ.

“ಎಲಾ ಮಗನಽ, ಫೋನಿನಾಗ ನೀನಾ?” ಎಂದವನೇ ನಗತೊಡಗಿದ. ಬೆಳಗಿನಿಂದ ಹೊಟ್ಟೆಯಲ್ಲಿ ಹಿಡಿದಿಟ್ಟ ಹೆದರಿಕೆಯೆಲ್ಲ ಒಮ್ಮೆಲೇ ಹೊರಬಿದ್ದಂತೆ ತೊಡೆ ತಟ್ಟಿ, ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕು ನಕ್ಕು ನಿಲ್ಲಲಾರದೆ ಕೆಸರಿನ ಸಾಲಿನಲ್ಲೇ ಕುಳಿತುಬಿಟ್ಟ. ತಿರುಗುತ್ತಿದ್ದ ನೀರು ಮತ್ತೆ ಮತ್ತೆ ಬಂದು ಅವನ ಬೋಳು ತಲೆಯನ್ನು ತೋಯಿಸುತ್ತಿತ್ತು.